ವಿಳಾಸ ಸಾಕಷ್ಟಿದೆ, ದಾರಿಯೇ ದುಬಾರಿ

ಇಂಟರ್‌ನೆಟ್‌ನಲ್ಲಿ ವಿಳಾಸಗಳು ಖಾಲಿಯಾದವೆಂಬ ಸುದ್ದಿ ಹಳೆಯದು. ಅದಕ್ಕೆ ಐಪಿವಿ6 ಎಂಬ ಮದ್ದೂ ಸಿಕ್ಕಿದೆ. ಆದರೆ ಆ ವಿಳಾಸಗಳಿಗೆಲ್ಲ ದಾರಿ ತೋರಿಸುವ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೇ ಇದೆ. ಈಗ ಅದು ಹತ್ತು ಲಕ್ಷದ ಆಸುಪಾಸಿಗೆ ಬಂದಿದೆ. ಜಾಲದ ಬುನಾದಿಯನ್ನೇ ಮತ್ತೊಮ್ಮೆ ಯೋಚಿಸಬೇಕಾದ ಕಾಲವಿದು.

2014ರ ಆಗಸ್ಟ್ 12, ಮಂಗಳವಾರ. ಅಮೆರಿಕ ಮತ್ತು ಯುರೋಪಿನ ಹಲವೆಡೆ ಜಾಲತಾಣಗಳು ಇದ್ದಕ್ಕಿದ್ದಂತೆ ತೆವಳತೊಡಗಿದವು. ಇಬೇಯಲ್ಲಿ ಸರಕು ಮಾರಲು ಕುಳಿತವರಿಗೆ ಪುಟವೇ ತೆರೆಯಲಿಲ್ಲ. ಮಿಷಿಗನ್‌ನ ಲಿಕ್ವಿಡ್ ವೆಬ್ ಎಂಬ ಹೋಸ್ಟಿಂಗ್ ಕಂಪನಿಯ ಗ್ರಾಹಕರು ತಮ್ಮ ತಾಣಗಳು ಕಾಣುತ್ತಿಲ್ಲವೆಂದು ದೂರು ಕೊಡುತ್ತಲೇ ಹೋದರು.

ಮೊದಲು ಎಲ್ಲರೂ ಹ್ಯಾಕರ್‌ಗಳ ಕೈವಾಡವೆಂದೇ ಶಂಕಿಸಿದರು. ಯಾರೂ ದಾಳಿ ಮಾಡಿರಲಿಲ್ಲ. ಕಡಲಡಿಯ ಕೇಬಲ್ ತುಂಡಾಗಿರಲಿಲ್ಲ. ಕರೆಂಟೂ ಹೋಗಿರಲಿಲ್ಲ.

ಆಗಿದ್ದು ಇಷ್ಟೇ. ಅಮೆರಿಕದ ವೆರಿಜಾನ್ ಕಂಪನಿಯ ಜಾಲ ಅಂದು ಸುಮಾರು 15,000 ಹೊಸ ದಾರಿಗಳನ್ನು ಕೆಲವು ನಿಮಿಷಗಳ ಮಟ್ಟಿಗೆ ಲೋಕಕ್ಕೆಲ್ಲ ಸಾರಿಬಿಟ್ಟಿತು. ಇಂಟರ್‌ನೆಟ್‌ನ ದಾರಿಗಳ ಪಟ್ಟಿ 5.12 ಲಕ್ಷದ ಗಡಿ ದಾಟಿತು. ಆಗ ಎಲ್ಲೆಡೆ ಬಳಕೆಯಲ್ಲಿದ್ದ ಕೆಲವು ಹಳೆಯ ರೂಟರ್‌ಗಳ ನೆನಪಿನಲ್ಲಿ ಅದಕ್ಕಿಂತ ಹೆಚ್ಚು ದಾರಿಗಳಿಗೆ ಜಾಗ ಮೀಸಲಿಟ್ಟಿರಲಿಲ್ಲ. ತುಂಬಿದ ಮೇಲೆ ಅವು ಎಡವಿದವು. ನೆಟ್‌ವರ್ಕ್ ಎಂಜಿನಿಯರ್‌ಗಳು ಆ ದಿನವನ್ನು ಇಂದಿಗೂ ‘512ಕೆ ಡೇ’ ಎಂದೇ ಕರೆಯುತ್ತಾರೆ.

ಐಪಿ ವಿಳಾಸಗಳ ಬರ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಆ ಮಂಗಳವಾರ ಬಯಲಾದದ್ದು ಬೇರೆಯೇ ಕಾಯಿಲೆ, ಅದಕ್ಕಿಂತ ಆಳವಾದದ್ದು.

ಎಲ್ಲರ ದಾರಿಯೂ ಎಲ್ಲರ ತಲೆಯಲ್ಲಿ

ನೀವು ಮೊಬೈಲಿನಲ್ಲಿ ಒಂದು ವಿಡಿಯೊ ಒತ್ತಿದಾಗ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೊರಡುತ್ತದೆ. ಪ್ರತಿ ಪ್ಯಾಕೆಟ್‌ನ ನೆತ್ತಿಯ ಮೇಲೂ ತಲುಪಬೇಕಾದ ವಿಳಾಸವಿರುತ್ತದೆ. ದಾರಿಯಲ್ಲಿ ಸಿಗುವ ರೂಟರ್ ಆ ವಿಳಾಸ ನೋಡಿ, ತನ್ನ ಪಟ್ಟಿಯಲ್ಲಿ ಹುಡುಕಿ, ಮುಂದಿನ ರೂಟರ್‌ಗೆ ದಾಟಿಸುತ್ತದೆ. ಈ ಪಟ್ಟಿಯೇ ರೂಟಿಂಗ್ ಟೇಬಲ್.

ಮನೆಯ ವೈಫೈ ರೂಟರ್‌ಗೆ ಈ ತಲೆನೋವಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಅದು ಸೇವಾದಾತ ಕಂಪನಿಯತ್ತ ತಳ್ಳಿಬಿಡುತ್ತದೆ. ಜಾಲದ ನಡುಮಧ್ಯದಲ್ಲಿರುವ ದೊಡ್ಡ ರೂಟರ್‌ಗಳಿಗೆ ಹಾಗೆ ತಳ್ಳಲು ಇನ್ನೊಬ್ಬರಿಲ್ಲ. ಲೋಕದ ಯಾವ ವಿಳಾಸ ಯಾವ ದಿಕ್ಕಿನಲ್ಲಿದೆ ಎಂಬುದೆಲ್ಲ ಅವಕ್ಕೆ ಗೊತ್ತಿರಲೇಬೇಕು.

ಅದೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಟ್ಟು ಬೇಗ. ಆ ವೇಗಕ್ಕೆ ಸಾಮಾನ್ಯ ಮೆಮೊರಿ ಸಾಲದು. ಹಲವು ರೂಟರ್‌ಗಳಲ್ಲಿ ಟಿಕ್ಯಾಮ್ ಎಂಬ ವಿಶೇಷ ಚಿಪ್ ಇರುತ್ತದೆ. ಇಡೀ ಪಟ್ಟಿಯನ್ನು ಒಂದೇ ಏಟಿಗೆ ಹುಡುಕುವ ಚಿಪ್ ಅದು. ಬೆಲೆಯೂ ಹೆಚ್ಚು, ಕುಡಿಯುವ ವಿದ್ಯುತ್ತೂ ಹೆಚ್ಚು. ಪಟ್ಟಿಗೆ ಸೇರುವ ಪ್ರತಿ ಸಾಲಿಗೂ ಲೋಕದ ಇಂಥ ಸಾವಿರಾರು ಯಂತ್ರಗಳಲ್ಲಿ ಜಾಗ ಬೇಕು.

ಪಟ್ಟಿ ಬೆಳೆದ ಬಗೆ
- 1994: ಸುಮಾರು 20 ಸಾವಿರ ದಾರಿಗಳು
- 2001: 1 ಲಕ್ಷದ ಆಸುಪಾಸು
- 2006: 2 ಲಕ್ಷದ ಆಸುಪಾಸು
- 2014: 5.12 ಲಕ್ಷ
- 2019: 7.68 ಲಕ್ಷ
- ಈಗ: 10 ಲಕ್ಷದ ಆಸುಪಾಸು
- ಐಪಿವಿ6ರ ಪಟ್ಟಿಯೇ ಬೇರೆ. ಅದೂ 2 ಲಕ್ಷ ದಾಟಿದೆ. ಉದ್ದ ವಿಳಾಸವಾದ್ದರಿಂದ ಅದರ ಒಂದೊಂದು ಸಾಲಿಗೆ ಸಾಮಾನ್ಯವಾಗಿ ದುಪ್ಪಟ್ಟು ಜಾಗ ಬೇಕು.

ಊಟದ ಮೇಜಿನ ಮೇಲೆ ಹುಟ್ಟಿದ ನಿಯಮ

ಈ ಪಟ್ಟಿಯನ್ನು ಜಾಲಗಳು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆಯ ಹೆಸರು ಬಿಜಿಪಿ, ಅಂದರೆ ಬಾರ್ಡರ್ ಗೇಟ್‌ವೇ ಪ್ರೋಟೊಕಾಲ್. ಅದು ಹುಟ್ಟಿದ್ದು 1989ರ ಜನವರಿಯಲ್ಲಿ, ಅಮೆರಿಕದ ಆಸ್ಟಿನ್ ನಗರದಲ್ಲಿ. ಇಂಟರ್‌ನೆಟ್ ಎಂಜಿನಿಯರ್‌ಗಳ ಸಭೆಗೆ ಬಂದಿದ್ದ ಸಿಸ್ಕೊದ ಕರ್ಕ್ ಲೌಹೀಡ್ ಮತ್ತು ಐಬಿಎಂನ ಯಾಕೊವ್ ರೆಖ್ಟರ್ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನ್ಯಾಪ್ಕಿನ್‌ಗಳ ಮೇಲೆ ಅದರ ರೂಪರೇಖೆ ಗೀಚಿದರು. ‘ಎರಡು ನ್ಯಾಪ್ಕಿನ್ ಪ್ರೋಟೊಕಾಲ್’ ಎಂಬ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು.

ಆಗ ಬೇಕಾಗಿದ್ದದ್ದು ಆ ಹೊತ್ತಿನ ಇಕ್ಕಟ್ಟಿಗೆ ಒಂದು ಪರಿಹಾರ. ಅದೇ ನಿಯಮ ನಾಲ್ಕನೇ ಆವೃತ್ತಿಗೆ ಬೆಳೆದು ಇಂದು ಇಡೀ ಜಗತ್ತಿನ ಬ್ಯಾಂಕು, ಆಸ್ಪತ್ರೆ, ಸರ್ಕಾರಗಳ ಮಾಹಿತಿಯನ್ನು ಹೊತ್ತು ನಡೆಸುತ್ತಿದೆ.

ವಿಳಾಸದ ಕಥೆಯೂ ಹೀಗೆಯೇ. ಐಪಿ ವಿಳಾಸ 32 ಬಿಟ್ ಉದ್ದವಿರಲಿ ಎಂದು 1977ರಲ್ಲಿ ತೀರ್ಮಾನಿಸಿದವರು ವಿಂಟ್ ಸರ್ಫ್. ಅವರ ಮಟ್ಟಿಗೆ ಅದೊಂದು ಪ್ರಯೋಗ. 32 ಬಿಟ್‌ಗೆ 429 ಕೋಟಿಗೂ ಹೆಚ್ಚು ವಿಳಾಸಗಳು ಸಿಗುತ್ತವೆ. ಪ್ರಯೋಗಕ್ಕೆ ಅಷ್ಟು ಧಾರಾಳ ಸಾಕಿತ್ತು. 1983ರ ಜನವರಿ 1ರಂದು ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್ ಐಪಿವಿ4 ಎಂಬ ಈ ಪದ್ಧತಿಗೆ ಬದಲಾಯಿತು. ಪ್ರಯೋಗ ಮುಗಿಯಲೇ ಇಲ್ಲ, ಅದೇ ಇಂಟರ್‌ನೆಟ್ ಆಯಿತು.

ಮೊದಮೊದಲು ಹಂಚಿಕೆಯೂ ಧಾರಾಳವಾಗಿತ್ತು. ಅಮೆರಿಕದ ಎಂಐಟಿ ಎಂಬ ಒಂದೇ ವಿಶ್ವವಿದ್ಯಾಲಯಕ್ಕೆ ಸುಮಾರು 1.68 ಕೋಟಿ ವಿಳಾಸಗಳು ಸಿಕ್ಕಿದವು. 140 ಕೋಟಿ ಜನರ ಭಾರತದ ಪಾಲಿಗೆ ಬಂದಿರುವುದು ಒಟ್ಟು ಸುಮಾರು 4 ಕೋಟಿ.

ಪಿನ್ ಕೋಡ್ ಕಲಿಸುವ ಪಾಠ

ಉದ್ದ ಪಟ್ಟಿಯನ್ನು ಗಿಡ್ಡ ಮಾಡುವ ಉಪಾಯವನ್ನು ನಮ್ಮ ಅಂಚೆ ಇಲಾಖೆ ಎಂದೋ ಬಲ್ಲದು. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡ್‌ನಲ್ಲಿ ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. 56ರಿಂದ 59ರವರೆಗೆ ಕರ್ನಾಟಕ. 580 ಎಂದರೆ ಧಾರವಾಡ. ದೆಹಲಿಯಲ್ಲಿ ಕಾಗದ ವಿಂಗಡಿಸುವವರಿಗೆ ಧಾರವಾಡದ ಓಣಿಗಳು ಗೊತ್ತಿರಬೇಕಿಲ್ಲ. ಮೊದಲ ಅಂಕಿಗಳನ್ನು ನೋಡಿ ದಕ್ಷಿಣದ ಚೀಲಕ್ಕೆ ಹಾಕಿದರೆ ಸಾಕು.

ಇಂಟರ್‌ನೆಟ್‌ಗೆ ಇದೇ ಬುದ್ಧಿ 1993ರಲ್ಲಿ ಬಂತು. ಆ ಪದ್ಧತಿಯ ಹೆಸರು ಸೈಡರ್. ಅದಕ್ಕೆ ಮೊದಲು ವಿಳಾಸಗಳನ್ನು ಮೂರು ಅಳತೆಗಳಲ್ಲಿ ಮಾತ್ರ ಕೊಡುತ್ತಿದ್ದರು: ಸುಮಾರು 1.68 ಕೋಟಿ, 65,536 ಅಥವಾ 256. ಎರಡು ಸಾವಿರ ಕಂಪ್ಯೂಟರ್ ಇದ್ದ ಕಾಲೇಜಿಗೆ ದೊಡ್ಡದು ಕೊಟ್ಟರೆ ಪೋಲು, ಸಣ್ಣವನ್ನು ಎಂಟು ಕೊಟ್ಟರೆ ಪಟ್ಟಿಗೆ ಎಂಟು ಸಾಲು. ಸೈಡರ್ ಬಂದ ಮೇಲೆ ಬೇಕಾದ ಅಳತೆಯ ಬ್ಲಾಕ್ ಕೊಡುವಂತಾಯಿತು. ಸೇವಾದಾತ ಕಂಪನಿ ಒಂದು ದೊಡ್ಡ ಬ್ಲಾಕ್ ಪಡೆದು, ಅದರೊಳಗಿನಿಂದಲೇ ಗ್ರಾಹಕರಿಗೆ ಹಂಚಿ, ಹೊರಲೋಕಕ್ಕೆ ಒಂದೇ ಸಾಲು ಸಾರಿದರೆ ಮುಗಿಯಿತು.

ಈಗ ಧಾರವಾಡದ ಒಂದು ಕುಟುಂಬ ಮೈಸೂರಿಗೆ ಮನೆ ಬದಲಿಸಿತೆನ್ನಿ. ‘ನಮ್ಮ 580001 ಬಿಡುವುದಿಲ್ಲ, ಕಾಗದ ಮಾತ್ರ ಮೈಸೂರಿಗೇ ಬರಲಿ’ ಎಂದು ಹಟ ಹಿಡಿದರೆ? ದೇಶದ ಪ್ರತಿ ವಿಂಗಡಣಾ ಕೇಂದ್ರವೂ ಆ ಒಂದು ಮನೆಗಾಗಿ ಬೇರೆ ಟಿಪ್ಪಣಿ ಬರೆದುಕೊಳ್ಳಬೇಕಾಗುತ್ತದೆ. ಹಟ ಮಾಡುವುದು ಒಂದು ಮನೆ, ಹೊರೆ ಬೀಳುವುದು ದೇಶದ ಎಲ್ಲ ಅಂಚೆ ಕಚೇರಿಗಳ ಮೇಲೆ.

ಇಂಟರ್‌ನೆಟ್‌ನಲ್ಲಿ ನಡೆದಿರುವುದು ಇದೇ.

ಹಟಕ್ಕೂ ಕಾರಣಗಳಿವೆ

ಹಟ ಹಿಡಿಯುವವರನ್ನು ದೂರಿ ಪ್ರಯೋಜನವಿಲ್ಲ. ಒಂದು ಬ್ಯಾಂಕ್ ತನ್ನ ಜಾಲ ಎಂದೂ ನಿಲ್ಲಬಾರದೆಂದು ಎರಡು ಕಂಪನಿಗಳಿಂದ ಸಂಪರ್ಕ ಪಡೆಯುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯಬೇಕು. ಹಾಗಾಗಲು ಆ ಬ್ಯಾಂಕಿನ ವಿಳಾಸ ಎರಡೂ ಕಡೆಯಿಂದ ಪ್ರತ್ಯೇಕವಾಗಿ ಲೋಕಕ್ಕೆ ಕಾಣಬೇಕು. ಪಟ್ಟಿಗೆ ಒಂದು ಸಾಲು ಸೇರಿತು.

ಸೇವಾದಾತರನ್ನು ಬದಲಿಸಿದಾಗ ಸಾವಿರಾರು ಯಂತ್ರಗಳ ವಿಳಾಸ ಬದಲಿಸುವುದು ಯಾರಿಗೂ ಬೇಡದ ಕೆಲಸ. ಹಳೆಯ ವಿಳಾಸವನ್ನೇ ಜೊತೆಗೆ ಒಯ್ಯುತ್ತಾರೆ. ಇನ್ನೊಂದು ಸಾಲು.

ಒಂದೇ ಕೇಬಲ್ ಮೇಲೆ ದಟ್ಟಣೆ ಬೀಳದಿರಲೆಂದು ಎಂಜಿನಿಯರ್‌ಗಳು ದೊಡ್ಡ ಬ್ಲಾಕನ್ನು ತುಂಡು ಮಾಡಿ ಬೇರೆ ಬೇರೆ ದಾರಿಯಲ್ಲಿ ಸಾರುತ್ತಾರೆ. ಮತ್ತಷ್ಟು ಸಾಲುಗಳು. ವಿಳಾಸಗಳು ಮುಗಿದ ಮೇಲೆ ಹುಟ್ಟಿದ ಕೊಳ್ಳು-ಮಾರುವ ಸಂತೆಯಲ್ಲಿ ಹಳೆಯ ಬ್ಲಾಕ್‌ಗಳು ಚೂರಾಗಿ ಊರೂರಿಗೆ ಹಂಚಿಹೋಗುತ್ತವೆ. ಇನ್ನೂ ಸಾಲುಗಳು.

ಒಂದೊಂದು ನಿರ್ಧಾರವೂ ಅದನ್ನು ಮಾಡಿದವರ ಪಾಲಿಗೆ ಸರಿಯೇ. ಸಾಲು ಸೇರಿಸುವವರಿಗೆ ಅದರ ಖರ್ಚು ತಟ್ಟುವುದಿಲ್ಲ, ಖರ್ಚು ಲೋಕದ ಉಳಿದೆಲ್ಲ ದೊಡ್ಡ ರೂಟರ್‌ಗಳದ್ದು. ಊರಿನ ಗೋಮಾಳ ಬರಿದಾಗುವುದೂ ಹೀಗೆಯೇ.

ವಿಳಾಸಕ್ಕೂ ಬೆಲೆ ಬಂತು
- 2011ರ ಫೆಬ್ರುವರಿ 3: ಜಾಗತಿಕ ಉಗ್ರಾಣದ ಕೊನೆಯ ಐದು ದೊಡ್ಡ ಬ್ಲಾಕ್‌ಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಲಾಯಿತು.
- ಅದೇ ವರ್ಷ ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೊಸಾಫ್ಟ್ 75 ಲಕ್ಷ ಡಾಲರ್ ಕೊಟ್ಟು ಕೊಂಡಿತು.
- 2019: ಹವ್ಯಾಸಿ ರೇಡಿಯೊ ಬಳಗಕ್ಕೆ ಮೀಸಲಾಗಿದ್ದ ಸುಮಾರು 42 ಲಕ್ಷ ವಿಳಾಸಗಳು 10 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಗೆ ಅಮೆಜಾನ್ ಪಾಲಾದವು.
- 2024ರ ಫೆಬ್ರುವರಿ 1: ಅಮೆಜಾನ್ ತನ್ನ ಕ್ಲೌಡ್ ಗ್ರಾಹಕರಿಗೆ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಬಾಡಿಗೆ ಹಾಕತೊಡಗಿತು.

ಐಪಿವಿ6 ಏನು ಮಾಡಿತು, ಏನು ಮಾಡಲಿಲ್ಲ

1995ರಲ್ಲಿ ರೂಪ ಪಡೆದ ಐಪಿವಿ6ರ ವಿಳಾಸ 128 ಬಿಟ್ ಉದ್ದ. 340ರ ಮುಂದೆ 36 ಸೊನ್ನೆ ಇಟ್ಟರೆ ಎಷ್ಟೋ ಅಷ್ಟು ವಿಳಾಸಗಳು. ಬರ ಎಂಬ ಮಾತೇ ಇಲ್ಲ.

ಭಾರತ ಈ ಹಾದಿಯಲ್ಲಿ ಮುಂದಿನ ಸಾಲಿನಲ್ಲಿದೆ ಎಂಬುದು ಹೆಮ್ಮೆಯ ವಿಷಯ. ದೂರಸಂಪರ್ಕ ಇಲಾಖೆ 2010ರಲ್ಲೇ ಇದಕ್ಕೆ ನಕಾಶೆ ಹಾಕಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಸೇವೆ ಆರಂಭಿಸಿದ ಜಿಯೊ ಐಪಿವಿ6 ಆಧರಿಸಿಯೇ ಜಾಲ ಕಟ್ಟಿತು. ಇಂದು ದೇಶದ ಇಂಟರ್‌ನೆಟ್ ಬಳಕೆದಾರರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನರಿಗೆ ಐಪಿವಿ6 ದೊರೆಯುತ್ತಿದೆ. ಹಳೆಯ ವಿಳಾಸಗಳಲ್ಲಿ ನಮಗೆ ಸಿಕ್ಕಿದ್ದ ಪಾಲು ಅಷ್ಟು ಕಡಿಮೆಯಿತ್ತು, ಬೇರೆ ದಾರಿಯೂ ಇರಲಿಲ್ಲ.

ಆದರೆ ಐಪಿವಿ6 ವಿಳಾಸಗಳನ್ನು ಹೆಚ್ಚಿಸಿತೇ ಹೊರತು ದಾರಿ ಹುಡುಕುವ ಬಗೆಯನ್ನು ಬದಲಿಸಲಿಲ್ಲ. ಅದಕ್ಕೂ ಅದೇ ಬಿಜಿಪಿ, ಅದೇ ಬಗೆಯ ಪಟ್ಟಿ, ಅದೇ ಹಟ. ವಿಳಾಸ ಹೇರಳವಾದಷ್ಟೂ ಪಟ್ಟಿ ಬೆಳೆಯಲು ಜಾಗವೂ ಹೇರಳ.

ಬೇರಿನಲ್ಲಿರುವ ತೊಡಕು ಇದು: ಐಪಿ ವಿಳಾಸ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿದೆ. ಈ ಯಂತ್ರ ಯಾವುದು ಎಂದೂ ಅದೇ ಹೇಳಬೇಕು, ಅದು ಜಾಲದಲ್ಲಿ ಎಲ್ಲಿದೆ ಎಂದೂ ಅದೇ ಹೇಳಬೇಕು. ಯಾರು ಎಂಬುದು ಬದಲಾಗಬಾರದು. ಎಲ್ಲಿ ಎಂಬುದು ಜಾಗ ಬದಲಿಸಿದಾಗ ಬದಲಾಗಲೇಬೇಕು. ಮನೆಯ ವೈಫೈ ಬಿಟ್ಟು ಬೀದಿಗಿಳಿದಾಗ ಮೊಬೈಲಿನ ಕರೆ ತುಂಡಾಗುವುದಕ್ಕೂ, ಲಕ್ಷಗಟ್ಟಲೆ ಸಾಲುಗಳು ಪಟ್ಟಿಗೆ ಸೇರುವುದಕ್ಕೂ ಮೂಲ ಈ ಒಂದೇ ಗಂಟು.

ಬಿಜಿಪಿಯ ಜನಕರಲ್ಲೊಬ್ಬರಾದ ರೆಖ್ಟರ್ ಹೆಸರಿನಲ್ಲೇ ಒಂದು ನಿಯಮವಿದೆ. ವಿಳಾಸ ಜಾಲದ ಆಕಾರವನ್ನು ಅನುಸರಿಸಬೇಕು, ಇಲ್ಲವೇ ಜಾಲ ವಿಳಾಸವನ್ನು ಅನುಸರಿಸಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಎಂಬುದು ಅದರ ಸಾರ. ನಾವು ಎರಡನ್ನೂ ಬಿಟ್ಟು ಪಟ್ಟಿ ಬೆಳೆಸುತ್ತ ಬಂದಿದ್ದೇವೆ.

ಆಮ್‌ಸ್ಟರ್‌ಡ್ಯಾಮ್‌ನ ಎರಡು ದಿನ

2006ರ ಅಕ್ಟೋಬರ್ 18 ಮತ್ತು 19ರಂದು ಇಂಟರ್‌ನೆಟ್ ಆರ್ಕಿಟೆಕ್ಚರ್ ಬೋರ್ಡ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಜ್ಞರನ್ನು ಕೂಡಿಸಿತು. ಮರುವರ್ಷ ಹೊರಬಂದ ವರದಿ, ಜಾಲದ ಮುಂದಿರುವ ಅತಿ ಮುಖ್ಯ ಸಮಸ್ಯೆಗಳಲ್ಲಿ ಪಟ್ಟಿಯ ಬೆಳವಣಿಗೆಯೂ ಒಂದು ಎಂದು ಸಾರಿತು. ಯಾರು, ಎಲ್ಲಿ ಎಂಬ ಎರಡು ಕೆಲಸಗಳನ್ನು ಬೇರೆ ಮಾಡಬೇಕೆಂಬ ವಿಚಾರ ಅಲ್ಲಿಂದ ಬಿರುಸಾಯಿತು.

ಸಿಸ್ಕೊದಲ್ಲಿದ್ದ ಡೀನೊ ಫರಿನಾಚಿ ಮತ್ತು ಜೊತೆಗಾರರು ಲಿಸ್ಪ್ ಎಂಬ ಪದ್ಧತಿ ರೂಪಿಸಿದರು. ಇದರಲ್ಲಿ ಕಂಪನಿಯ ಯಂತ್ರಗಳಿಗೆ ಎಂದೂ ಬದಲಾಗದ ಗುರುತು. ಆ ಕಂಪನಿಯ ಬಾಗಿಲಲ್ಲಿರುವ ರೂಟರ್‌ಗೆ ಜಾಗ ತಿಳಿಸುವ ಬೇರೆ ವಿಳಾಸ. ಯಾವ ಗುರುತು ಯಾವ ಬಾಗಿಲ ಹಿಂದಿದೆ ಎಂಬುದು ಒಂದು ಪ್ರತ್ಯೇಕ ದಾಖಲೆಯಲ್ಲಿ. ನಡುಮಧ್ಯದ ರೂಟರ್‌ಗೆ ಬಾಗಿಲುಗಳಷ್ಟೇ ಗೊತ್ತಿದ್ದರೆ ಸಾಕು. ಮನೆಯ ಬಳಕೆದಾರರ ಯಂತ್ರದಲ್ಲಿ ಏನೂ ಬದಲಿಸಬೇಕಿಲ್ಲ ಎಂಬುದು ಇದರ ದೊಡ್ಡ ಅನುಕೂಲ.

ರಾನ್ ಅಟ್ಕಿನ್ಸನ್ ಮತ್ತು ಬ್ರಿಟನ್‌ನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಲೀಮ್ ಭಟ್ಟಿ ಬೇರೆ ದಾರಿ ಹಿಡಿದರು. ಐಪಿವಿ6ರ 128 ಬಿಟ್‌ಗಳನ್ನು ಸರಿಯಾಗಿ ಎರಡು ಭಾಗ ಮಾಡಿ, ಮೊದಲ 64 ಜಾಗಕ್ಕೆ, ಉಳಿದ 64 ಗುರುತಿಗೆ ಎಂದರು. ಅದೇ ಐಎಲ್‌ಎನ್‌ಪಿ. 2011ರಲ್ಲಿ ಇಂಟರ್‌ನೆಟ್ ರೂಟಿಂಗ್ ಸಂಶೋಧನಾ ತಂಡದ ಅಧ್ಯಕ್ಷರು ಮುಂದಿನ ದಿಕ್ಕಾಗಿ ಶಿಫಾರಸು ಮಾಡಿದ್ದೂ ಇದನ್ನೇ. ಆದರೆ ಇದಕ್ಕೆ ಪ್ರತಿ ಕಂಪ್ಯೂಟರಿನ, ಪ್ರತಿ ಮೊಬೈಲಿನ ತಂತ್ರಾಂಶ ಬದಲಾಗಬೇಕು. ಅಲ್ಲಿಗೇ ನಿಂತಿತು.

ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್‌ನಲ್ಲಿ ಏಡ್ರಿಯನ್ ಪೆರಿಗ್ ತಂಡ ಕಟ್ಟಿದ ಸೈಯಾನ್ ಇನ್ನೂ ದಿಟ್ಟ. ಅದರಲ್ಲಿ ಜಾಲದಿಂದ ಜಾಲಕ್ಕೆ ಹೋಗುವ ದಾರಿಯನ್ನು ಪ್ಯಾಕೆಟ್ಟೇ ತನ್ನೊಳಗೆ ಬರೆದುಕೊಂಡು ಹೊರಡುತ್ತದೆ. ಬರೆದ ದಾರಿ ಅಸಲಿಯೇ ಎಂದು ರೂಟರ್ ಪರೀಕ್ಷಿಸಿ ಬಿಡುತ್ತದೆ, ಉದ್ದ ಪಟ್ಟಿ ಹೊರಬೇಕಿಲ್ಲ. ಸ್ವಿಸ್ ಬ್ಯಾಂಕುಗಳು ಪರಸ್ಪರ ಮಾತಾಡುವ ಸುರಕ್ಷಿತ ಜಾಲ 2021ರಿಂದ ಇದರ ಮೇಲೆ ನಡೆಯುತ್ತಿದೆ. ಹೊಸ ವಿನ್ಯಾಸ ಪ್ರಯೋಗಾಲಯ ದಾಟಬಲ್ಲದು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಗಣಿತ ಹಾಕಿದ ಗೆರೆ

ಎಲ್ಲವೂ ಪುಕ್ಕಟೆ ಸಿಗುವುದಿಲ್ಲ ಎಂದು ಗಣಿತ ಎಚ್ಚರಿಸುತ್ತದೆ. ಜಾಲವನ್ನು ಗುಂಪು, ಗುಂಪಿನೊಳಗೆ ಗುಂಪು ಎಂದು ಜೋಡಿಸಿದರೆ ಪಟ್ಟಿ ಎಷ್ಟೋ ಪಟ್ಟು ಕುಗ್ಗುತ್ತದೆ, ಆದರೆ ದಾರಿ ಸ್ವಲ್ಪ ಸುತ್ತಾಗುತ್ತದೆ ಎಂದು ಲಿಯೊನಾರ್ಡ್ ಕ್ಲೈನ್‌ರಾಕ್ ಮತ್ತು ಫರೂಕ್ ಕಮೂನ್ 1977ರಲ್ಲೇ ತೋರಿಸಿದ್ದರು.

ಆಮೇಲಿನ ಸಂಶೋಧನೆ ಇದನ್ನು ಇನ್ನಷ್ಟು ನಿಖರಗೊಳಿಸಿತು. ದಾರಿ ಅತಿ ಹೆಚ್ಚೆಂದರೆ ಮೂರು ಪಟ್ಟು ಉದ್ದವಾದರೂ ಸರಿ ಎಂದು ಒಪ್ಪಿದರೆ, ಪಟ್ಟಿ ಒಟ್ಟು ಠಾಣೆಗಳ ವರ್ಗಮೂಲದ ಆಸುಪಾಸಿಗೆ ಇಳಿಯಬಲ್ಲದು. ಹತ್ತು ಲಕ್ಷದ ವರ್ಗಮೂಲ ಒಂದು ಸಾವಿರ!

ಆದರೆ ಈ ಲೆಕ್ಕ ಅಲುಗಾಡದ ಜಾಲಕ್ಕೆ. ನಿಜವಾದ ಇಂಟರ್‌ನೆಟ್‌ನಲ್ಲಿ ಕೊಂಡಿಗಳು ಕ್ಷಣಕ್ಷಣಕ್ಕೂ ಕಡಿಯುತ್ತವೆ, ಕೂಡುತ್ತವೆ. ಪ್ರತಿ ಬದಲಾವಣೆಯನ್ನೂ ಸಾರಿ ಹೇಳುವ ಹೊರೆ ಮಾತ್ರ ಹಾಗೆ ಇಳಿಯುವುದಿಲ್ಲ ಎಂದು 2007ರಲ್ಲಿ ಡಿಮಿಟ್ರಿ ಕ್ರಿಯುಕೊವ್ ಮತ್ತು ಸಂಗಡಿಗರು ತೋರಿಸಿದರು. ಪಟ್ಟಿಯ ಉದ್ದ, ದಾರಿಯ ಉದ್ದ, ಸುದ್ದಿಯ ಸದ್ದು, ಈ ಮೂರನ್ನೂ ಒಟ್ಟಿಗೆ ತಗ್ಗಿಸುವ ಮಂತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ದಾರಿ ತಪ್ಪಿದ ದಿನಗಳು
- 1997ರ ಏಪ್ರಿಲ್ 25: ಅಮೆರಿಕದ ಸಣ್ಣ ಸೇವಾದಾತ ಕಂಪನಿಯೊಂದರ ರೂಟರ್ ಲೋಕದ ದಾರಿಗಳನ್ನೆಲ್ಲ ಚೂರು ಮಾಡಿ ತನ್ನವೆಂದು ಸಾರಿತು. ಇಂಟರ್‌ನೆಟ್‌ನ ದೊಡ್ಡ ಭಾಗ ಅಸ್ತವ್ಯಸ್ತವಾಯಿತು.
- 2008ರ ಫೆಬ್ರುವರಿ 24: ಯೂಟ್ಯೂಬನ್ನು ದೇಶದೊಳಗೆ ತಡೆಯಲು ಪಾಕಿಸ್ತಾನ ಟೆಲಿಕಾಂ ಸಾರಿದ ದಾರಿ ಹೊರಗೆ ಸೋರಿತು. ಸುಮಾರು ಎರಡು ಗಂಟೆ ಕಾಲ ಲೋಕದ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ.
- 2021ರ ಅಕ್ಟೋಬರ್ 4: ಫೇಸ್‌ಬುಕ್ ತನ್ನ ದಾರಿಗಳನ್ನು ತಾನೇ ಪಟ್ಟಿಯಿಂದ ಕಳೆದುಕೊಂಡಿತು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸೇರಿ ಎಲ್ಲವೂ ಸುಮಾರು ಆರು ಗಂಟೆ ಸ್ತಬ್ಧ.

‘ನಡೆಯುತ್ತಿದೆಯಲ್ಲ’ ಎನ್ನುವವರಿಗೆ

ಇಷ್ಟೆಲ್ಲ ಆತಂಕ ಏಕೆ ಎಂದು ಕೇಳುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಚಿಪ್‌ಗಳು ಅಗ್ಗವಾಗುತ್ತ, ದೊಡ್ಡದಾಗುತ್ತ ಬಂದವು. 2019ರಲ್ಲಿ ಪಟ್ಟಿ 7.68 ಲಕ್ಷ ಮುಟ್ಟಿದಾಗ ದೊಡ್ಡ ಅನಾಹುತ ಆಗಲಿಲ್ಲ. 2014ರ ಪೆಟ್ಟು ತಿಂದಿದ್ದ ಎಂಜಿನಿಯರ್‌ಗಳು ಮೊದಲೇ ಸಜ್ಜಾಗಿದ್ದರು.

ಆದರೆ ದೊಡ್ಡ ಯಂತ್ರ ಕೊಳ್ಳುತ್ತ ಹೋಗುವುದು ಪರಿಹಾರವಲ್ಲ, ಮುಂದೂಡಿಕೆ. ದೊಡ್ಡ ಕಂಪನಿಗೆ ಹೊಸ ರೂಟರ್ ಒಂದು ಲೆಕ್ಕವಲ್ಲ. ತಾಲ್ಲೂಕು ಕೇಂದ್ರದಲ್ಲಿ ಕೇಬಲ್ ಎಳೆದು ಇಂಟರ್‌ನೆಟ್ ಕೊಡುವ ಸಣ್ಣ ಉದ್ಯಮಿಗೆ ಅದು ವರ್ಷದ ದುಡಿಮೆ. ಪಟ್ಟಿ ಉದ್ದವಾದಷ್ಟೂ ಆಟದಲ್ಲಿ ಉಳಿಯುವವರು ಕಡಿಮೆ. ಎಲ್ಲರದ್ದಾಗಿ ಹುಟ್ಟಿದ ಜಾಲ ಕೆಲವರದ್ದಾಗುವುದು ಇಂಥ ಸದ್ದಿಲ್ಲದ ಖರ್ಚುಗಳಿಂದಲೇ.

ಬದಲಾವಣೆ ಸಾಧ್ಯವೇ ಇಲ್ಲ ಎಂಬ ನಿರಾಸೆಗೂ ಆಧಾರವಿಲ್ಲ. 2021ರಲ್ಲಿ ಮಾನದಂಡವಾದ ಕ್ವಿಕ್ ಎಂಬ ಪ್ರೋಟೊಕಾಲ್‌ನಲ್ಲಿ ಸಂಪರ್ಕಕ್ಕೆ ತನ್ನದೇ ಗುರುತುಸಂಖ್ಯೆ ಇದೆ. ವೈಫೈಯಿಂದ ಮೊಬೈಲ್ ಡೇಟಾಕ್ಕೆ ಹಾರಿ ವಿಳಾಸ ಬದಲಾದರೂ ಸಂಪರ್ಕವನ್ನು ಉಳಿಸಿಕೊಳ್ಳಬಲ್ಲದು. ಲಿಸ್ಪ್ 2022ರಲ್ಲಿ ಪ್ರಯೋಗದ ಹಂತ ದಾಟಿ ಮಾನದಂಡದ ಸಾಲಿಗೆ ಬಂತು, ದೊಡ್ಡ ಕಚೇರಿಗಳ ಒಳಜಾಲಗಳಲ್ಲಿ ದುಡಿಯುತ್ತಿದೆ. ಯಾರು ಮತ್ತು ಎಲ್ಲಿ ಎಂಬುದನ್ನು ಬೇರೆ ಮಾಡುವ ಕೆಲಸ ಅಂಚುಗಳಿಂದ ಶುರುವಾಗಿದೆ. ನಡುಮಧ್ಯಕ್ಕೆ ಬರಬೇಕಿದೆ.

ಇದರಲ್ಲಿ ನಮ್ಮ ಪಾಲೇನು? ಸಿಸ್ಕೊ, ಜ್ಯುನಿಪರ್‌ನಂಥ ರೂಟರ್ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ದೇಶದ ಮೊದಲ ಶೈಕ್ಷಣಿಕ ಜಾಲ ಅರ್ನೆಟ್ ಕಟ್ಟಿದ ಎಂಟು ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಬೇರೆಯವರು ಬರೆದ ನಿಯಮವನ್ನು ಯಂತ್ರಕ್ಕೆ ಕಲಿಸುವಷ್ಟು ಪರಿಣತಿ ಇರುವ ಊರಿಗೆ, ನಿಯಮವನ್ನೇ ಬರೆಯುವ ಹಂಬಲ ಇರಬೇಡವೇ? ಐಪಿವಿ6ರಲ್ಲಿ ಇಷ್ಟು ಮುಂದಿರುವ ದೇಶಕ್ಕೆ ಮುಂದಿನ ವಿನ್ಯಾಸವನ್ನು ನಿಜವಾದ ಜಾಲದ ಮೇಲೆ ಪರೀಕ್ಷಿಸುವ ಅವಕಾಶವೂ ಇದೆ, ಹೊಣೆಯೂ ಇದೆ.

ಕಾಯಬೇಕಿಲ್ಲದ ಕೆಲಸಗಳೂ ಇವೆ. ಸೇವಾದಾತ ಕಂಪನಿಗಳು ಬ್ಲಾಕ್‌ಗಳನ್ನು ಅನಗತ್ಯವಾಗಿ ಚೂರು ಮಾಡಿ ಸಾರುವುದನ್ನು ನಿಲ್ಲಿಸಲಿ. ತಮ್ಮ ದಾರಿಗಳಿಗೆ ಆರ್‌ಪಿಕೆಐ ಸಹಿ ಹಾಕಿಸಲಿ, ಆಗ ಬೇರೆಯವರ ವಿಳಾಸವನ್ನು ತನ್ನದೆಂದು ಸಾರುವುದು ಕಷ್ಟವಾಗುತ್ತದೆ. ಎಂಜಿನಿಯರಿಂಗ್ ಕಾಲೇಜುಗಳು ಬಿಜಿಪಿಯನ್ನು ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿ ಮುಗಿಸದೆ ಪ್ರಯೋಗಾಲಯಕ್ಕೆ ತರಲಿ. ಓದುಗರು ಮನೆಗೆ ಸಂಪರ್ಕ ಕೊಡುವವರನ್ನು ‘ಐಪಿವಿ6 ಇದೆಯೇ’ ಎಂದು ಒಮ್ಮೆ ಕೇಳಲಿ. ಗ್ರಾಹಕರು ಕೇಳದ ಹೊರತು ಯಾವ ಕಂಪನಿಯೂ ಬುನಾದಿಗೆ ಕೈಹಾಕುವುದಿಲ್ಲ.